ಪಟ್ಟಣದ ನಕಾಶೆಯೂ ಪಟ್ಟಣಿಗರ ಮಾತೂ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಊರಿಗೆ ಹೋದ ಮರುದಿನ, ಪೇಟೆ ಬೀದಿಯ ದಿನಸಿ ಅಂಗಡಿಯ ಜಗಲಿಯ ಮೇಲೆ ಐದಾರು ಮಂದಿ ಹಿರಿಯರು ಹಳೆಯ ವೃತ್ತಪತ್ರಿಕೆಯ ಹಾಳೆಯೊಂದನ್ನು ಹರಡಿಕೊಂಡು ಕುಳಿತಿದ್ದುದನ್ನು ಕಂಡೆ. ಪೊಟ್ಟಣ ಕಟ್ಟಲು ತಂದ ರದ್ದಿಯಲ್ಲಿ ಅದು ಸಿಕ್ಕಿತ್ತಂತೆ. ಅದರ ಮೂಲೆಯಲ್ಲಿ ಸಣ್ಣಕ್ಷರದ ಒಂದು ಪ್ರಕಟಣೆಯಿತ್ತು. ನಮ್ಮ ಪಟ್ಟಣದ ಮಹಾಯೋಜನೆಯ ಕರಡು ಸಿದ್ಧವಾಗಿರುವುದಾಗಿಯೂ, ಸಾರ್ವಜನಿಕರು ಅದನ್ನು ಕಚೇರಿಯಲ್ಲಿ ನೋಡಬಹುದಾಗಿಯೂ, ಆಕ್ಷೇಪಣೆಗಳಿದ್ದಲ್ಲಿ 60 ದಿನಗಳೊಳಗೆ ಬರವಣಿಗೆಯಲ್ಲಿ ಸಲ್ಲಿಸತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ದಿನಾಂಕ ಹಿಡಿದು ಲೆಕ್ಕ ಹಾಕಿದರೆ ಆಗಲೇ 41 ದಿನಗಳು ಕಳೆದುಹೋಗಿದ್ದುವು. "ಬಾರಪ್ಪ, ಕಾಲೇಜಿನಲ್ಲಿ ಓದುವವನು ನೀನು, ಇದೇನೆಂದು ಬಿಡಿಸಿ ಹೇಳು" ಎಂದು ಅಂಗಡಿಯ ಮಾವ ಹಾಳೆಯನ್ನು ನನ್ನ ಕೈಗಿತ್ತರು. ರಾಜ್ಯಶಾಸ್ತ್ರವನ್ನು ಎರಡು ವರ್ಷ ಓದಿದ್ದೇನೆಂಬ ಹೆಮ್ಮೆ ನನ್ನದು. ಆದರೆ ಮಹಾಯೋಜನೆಯೆಂದರೇನು, ಅದನ್ನು ಮಾಡುವವರು ಯಾರು, ಅದರಲ್ಲಿ ನಮ್ಮ ಮಾತು ಎಷ್ಟರ ಮಟ್ಟಿಗೆ ನಡೆದೀತು ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಹುಟ್ಟಿದುದು ಆ ನಾಚಿಕೆಯಿಂದ.

ಮಾರನೆಯ ದಿನ ನಾಲ್ವರು ಕೂಡಿ ಕಚೇರಿಗೆ ಹೋದೆವು. ಮಹಡಿಯ ಮೇಲಿನ ಕೋಣೆಯ ಗೋಡೆಗೆ ನಕಾಶೆಯನ್ನು ತೂಗುಹಾಕಿದ್ದರು. ವಾಸದ ಪ್ರದೇಶಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಎಂದು ಬಣ್ಣಗಳನ್ನು ಹಾಕಿದ್ದುದು ನೋಟಕ್ಕೇನೋ ಚೆನ್ನಾಗಿಯೇ ಇತ್ತು. ಹೆಸರುಗಳು ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿದ್ದುವು. ನಮ್ಮೊಡನೆ ಬಂದಿದ್ದ ಹೂ ಮಾರುವ ಅಜ್ಜಿ ಬಹಳ ಹೊತ್ತು ಅದನ್ನೇ ದಿಟ್ಟಿಸಿ, "ಮಗಾ, ನಮ್ಮ ಅರಳಿಕಟ್ಟೆ ಇದರೊಳಗೆ ಎಲ್ಲೈತೆ?" ಎಂದು ಕೇಳಿದರು. ನಾನು ಬೆರಳಿಟ್ಟು ಹುಡುಕಿದೆ. ಕೆರೆಯಿತ್ತು, ಬಸ್ ನಿಲ್ದಾಣವಿತ್ತು, ಆಸ್ಪತ್ರೆಯಿತ್ತು. ಅರಳಿಕಟ್ಟೆ ಇರಲಿಲ್ಲ. ಅಜ್ಜಿ ಮೂವತ್ತು ವರ್ಷ ಕುಳಿತು ಹೂ ಕಟ್ಟಿದ ಜಾಗದ ಮೇಲೆ ಎರಡು ಸಮಾನಾಂತರ ಗೆರೆಗಳು ಹಾದುಹೋಗಿದ್ದುವು. ಪೇಟೆ ಬೀದಿಯನ್ನು 60 ಅಡಿಗೆ ಅಗಲಿಸುವ ಗೆರೆಗಳು ಅವು. ಮಂಗಳವಾರದ ಸಂತೆ ಸೇರುವ ಮೈದಾನಕ್ಕೆ ನೀಲಿ ಬಣ್ಣ ಬಂದಿತ್ತು.

ನಕಾಶೆ ಬರೆದವರ ಮೇಲೆ ಕೋಪಗೊಳ್ಳುವುದು ಸುಲಭ. ಆದರೆ ಅವರು ಯಾವ ಕಾನೂನಿನ ಪ್ರಕಾರ ಬರೆದರೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ ಆಧಾರ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಇದು 1965ರ ಜನವರಿಯಲ್ಲಿ ಜಾರಿಗೆ ಬಂದಿತು. ಯೋಜನಾ ಪ್ರಾಧಿಕಾರವು ಊರಿನ ಭೂಮಿಯನ್ನು ಇಂತಿಂತಹ ಉಪಯೋಗಕ್ಕೆಂದು ವಿಂಗಡಿಸಿ, ರಸ್ತೆಗಳನ್ನೂ ಬಯಲುಗಳನ್ನೂ ಗುರುತಿಸಿ ಯೋಜನೆ ತಯಾರಿಸುತ್ತದೆ. ಸರಕಾರದ ತಾತ್ಕಾಲಿಕ ಒಪ್ಪಿಗೆಯಾದ ಮೇಲೆ ಅದನ್ನು ಪ್ರಕಟಿಸಬೇಕು. ಹಾಗೆ ಪ್ರಕಟವಾದ 60 ದಿನಗಳೊಳಗೆ ಯಾವ ಪ್ರಜೆಯಾದರೂ ತನ್ನ ಅಭಿಪ್ರಾಯವನ್ನು ಬರೆದುಕೊಟ್ಟರೆ ಪ್ರಾಧಿಕಾರವು ಅದನ್ನು ಪರಿಶೀಲಿಸತಕ್ಕದ್ದು. ಪರಿಶೀಲಿಸತಕ್ಕದ್ದು ಎಂದಿದೆಯೇ ಹೊರತು ಒಪ್ಪತಕ್ಕದ್ದು ಎಂದಿಲ್ಲ. ಈ ಎರಡು ಮಾತುಗಳ ನಡುವಣ ಅಂತರವೇ ನಮ್ಮ ಪೌರಜೀವನದ ದೊಡ್ಡ ಸಮಸ್ಯೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ಯೋಜನೆಯನ್ನು 10 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂಬ ನಿಯಮವೂ ಉಂಟು. ಸಾರ್ವಜನಿಕ ಉದ್ದೇಶಕ್ಕಾಗಿ ಗುರುತಿಸಿದ ಜಮೀನನ್ನು 5 ವರ್ಷಗಳೊಳಗೆ ಒಪ್ಪಂದದಿಂದ ಕೊಳ್ಳದೆ, ಸ್ವಾಧೀನದ ಕ್ರಮವನ್ನೂ ಆರಂಭಿಸದೆ ಬಿಟ್ಟರೆ ಆ ಗುರುತು ರದ್ದಾದಂತೆಯೇ ಎಂದೂ ಅದೇ ಅಧಿನಿಯಮ ಹೇಳುತ್ತದೆ. ಇದನ್ನು ಅಂಗಡಿಯ ಮಾವನಿಗೆ ತಿಳಿಸಿದಾಗ, "ಹಾಗಾದರೆ ಐದು ವರ್ಷ ಮನೆಗೆ ಸುಣ್ಣ ಹೊಡೆಸುವುದೋ ಬೇಡವೋ?" ಎಂದು ಕೇಳಿದರು. ಗೆರೆ ಬಿದ್ದ ಮನೆಯ ಯಜಮಾನನ ಸ್ಥಿತಿ ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ.

ಊರನ್ನು ಗೆರೆ ಎಳೆದು ತಿದ್ದುವ ಈ ಪದ್ಧತಿ ನಮ್ಮಲ್ಲಿಗೆ ಬಂದುದು ಹೇಗೆ? ಇದರ ಹಿಂದೆ ಒಂದು ರೋಗದ ಕಥೆಯಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನೂ ಹಿಡಿಯಿತು. ಇಕ್ಕಟ್ಟಾದ ಹಳೆಯ ಪೇಟೆಗಳೇ ರೋಗಕ್ಕೆ ಕಾರಣವೆಂಬ ನಂಬಿಕೆ ಬಲವಾಗಿ, ಬಸವನಗುಡಿ, ಮಲ್ಲೇಶ್ವರದಂತಹ ಗಾಳಿ ಬೆಳಕಿನ ಬಡಾವಣೆಗಳು ಹುಟ್ಟಿದುವು. ಮುಂಬಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಮೈಸೂರಿನಲ್ಲಿ 1903ರಲ್ಲಿ ಅಂತಹುದೇ ಮಂಡಳಿಯಾಯಿತು. ಇವುಗಳಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಮೈಸೂರಿನ ಅಗಲವಾದ ಬೀದಿಗಳಲ್ಲಿ ನಡೆದಾಡಿದವರು ಯಾರೂ ಅಲ್ಲಗಳೆಯಲಾರರು. ಆದರೆ ಇನ್ನೂ ಅನೇಕ ಊರುಗಳಲ್ಲಿ ಸುಧಾರಣೆಯೆಂದರೆ ಹಳೆಯ ಬೀದಿಯ ನಡುವೆ ನೇರವಾದ ರಸ್ತೆಯೊಂದನ್ನು ಸೀಳಿಕೊಂಡು ಹೋಗುವುದೆಂದಾಯಿತು. ಮನೆ ಕಳೆದುಕೊಂಡವರು ಪಕ್ಕದ ಕೇರಿಯಲ್ಲಿ ಒತ್ತರಿಸಿಕೊಂಡು ಸೇರಿದರು. ಇಕ್ಕಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು, ಅಷ್ಟೆ.

ಇದನ್ನು ಗಟ್ಟಿಯಾಗಿ ಹೇಳಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. ನಮ್ಮ ಅಧ್ಯಾಪಕರೊಬ್ಬರು ಈ ಹೆಸರನ್ನು ಸೂಚಿಸದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. 1854ರಲ್ಲಿ ಹುಟ್ಟಿದ ಇವರು ಮೂಲತಃ ಸಸ್ಯಶಾಸ್ತ್ರಜ್ಞರು. ಮದುವೆಯಾದ ಹೊಸತರಲ್ಲಿ, ಎಡಿನ್‌ಬರೋದ ಶ್ರೀಮಂತರು ಬಿಟ್ಟುಹೋಗಿದ್ದ ಹಳೆಯ ಪೇಟೆಯ ಕೊಳಕು ವಠಾರವೊಂದರಲ್ಲಿ ಬೇಕೆಂದೇ ಮನೆ ಮಾಡಿ, ಅಕ್ಕಪಕ್ಕದವರೊಡನೆ ಸೇರಿ ಸುಣ್ಣ ಬಳಿದು, ಕಿಟಕಿಗಳಲ್ಲಿ ಹೂಗಿಡ ಬೆಳೆಸಿದವರು. 1914ರಲ್ಲಿ ಇವರು ಭಾರತಕ್ಕೆ ಹೊರಟಾಗ, ನಗರಗಳನ್ನು ಕುರಿತು ಜೀವಮಾನವೆಲ್ಲ ಕೂಡಿಸಿದ್ದ ಪ್ರದರ್ಶನದ ಚಿತ್ರಗಳನ್ನೂ ನಕಾಶೆಗಳನ್ನೂ ಹೊತ್ತ ಹಡಗನ್ನು ಜರ್ಮನರ ಎಂಡೆನ್ ನೌಕೆ ಮುಳುಗಿಸಿತು. ಸ್ನೇಹಿತರು ಹೊಸದಾಗಿ ಸಾಮಗ್ರಿ ಕೂಡಿಸಿ ಕಳುಹಿಸಿದರು. 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು. ಮುಂದೆ ಅವರು ಮದರಾಸು, ಮುಂಬಯಿ ಪ್ರಾಂತಗಳ ಅನೇಕ ಊರುಗಳನ್ನು ಕಾಲುನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದರು. 1919ರಿಂದ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಗೆಡ್ಡಿಸರ ವಿಧಾನ ವೈದ್ಯನ ವಿಧಾನ. ಮೊದಲು ನಾಡಿ ಹಿಡಿದು ನೋಡು, ಮದ್ದು ಆಮೇಲೆ ಎಂಬುದು ಅವರ ತತ್ತ್ವ. ತಂಜಾವೂರಿನಲ್ಲಿ ಇಂಜಿನಿಯರರು ಚೌಕುಳಿ ಹಾಕಿದಂತೆ ನೇರ ರಸ್ತೆಗಳನ್ನು ಬರೆದಿದ್ದ ಪ್ರದೇಶದಲ್ಲಿ ಇವರು ಮನೆಮನೆಯನ್ನೂ ನೋಡಿ, ಬಿದ್ದುಹೋದ ಗೋಡೆಯೊಂದನ್ನು ಇಲ್ಲಿ ತೆಗೆದು, ಹಾಳು ನಿವೇಶನವೊಂದನ್ನು ಅಲ್ಲಿ ಬಯಲಾಗಿಸಿ, ಇರುವ ಓಣಿಗಳನ್ನೇ ತುಸು ಬಿಡಿಸಿದರೆ ಕಡಿಮೆ ಮನೆಗಳು ಬಿದ್ದು, ಬಹಳ ಕಡಿಮೆ ಖರ್ಚಿನಲ್ಲಿ ಗಾಳಿ ಬೆಳಕು ಬರುತ್ತದೆಂದು ತೋರಿಸಿಕೊಟ್ಟರು. ಇದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ 'ಉಳಿಸುವ ಶಸ್ತ್ರಚಿಕಿತ್ಸೆ' ಎನ್ನಬಹುದು. ಮಲೇರಿಯಾದ ಭಯದಿಂದ ಊರಿನ ಕೊಳಗಳನ್ನು ಮುಚ್ಚಿಸುವುದು ಆಗಿನ ವಾಡಿಕೆ. ಇವರು ಕೊಳವನ್ನು ಮುಚ್ಚಬೇಡಿ, ಮೀನು ಬಿಡಿ ಎಂದರು. ನಮ್ಮ ನಾಡಿನಲ್ಲಿ ಎಷ್ಟು ಕೆರೆಗಳು ಬಸ್ ನಿಲ್ದಾಣಗಳಾಗಿವೆ ಎಂಬುದನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ.

ಆದರೆ ಗೆಡ್ಡಿಸರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದುದು ಇಂದೂರಿನ ಪ್ರಸಂಗ. ಆ ಸಂಸ್ಥಾನಕ್ಕೆ ಅವರು ಬರೆದ ಎರಡು ಸಂಪುಟಗಳ ವರದಿ 1918ರಲ್ಲಿ ಅಚ್ಚಾಯಿತು. ಊರಿನಲ್ಲಿ ಪ್ಲೇಗು, ನಕಾಶೆ ಹಿಡಿದು ಬೀದಿ ಅಲೆಯುವ ದೊರೆಯನ್ನು ಕಂಡರೆ ಮನೆ ಕೆಡವಲು ಬಂದವನೆಂದು ಜನರಿಗೆ ಭಯ. ಆಗ ಅವರು ಮಹಾರಾಜರಲ್ಲಿ ದೀಪಾವಳಿಯ ಒಂದು ದಿನದ ಅಧಿಕಾರವನ್ನು ಕೇಳಿ ಪಡೆದರೆಂದೂ, ಹಬ್ಬದ ಮೆರವಣಿಗೆ ಈ ಸಲ ಹಳೆಯ ದಾರಿಯಲ್ಲಿ ಹೋಗದೆ, ಯಾವ ಬೀದಿಯವರು ಹೆಚ್ಚು ಮನೆಗಳನ್ನು ರಿಪೇರಿ ಮಾಡಿ ಚೊಕ್ಕಟವಾಗಿಟ್ಟಿರುವರೋ ಆ ಬೀದಿಯಲ್ಲಿ ಹೋಗುವುದೆಂದು ಸಾರಿಸಿದರೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಊರೆಲ್ಲ ಸುಣ್ಣ ಬಳಿಯಿತು; ಗಾಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸನೂ ಪ್ಲೇಗಿನ ದೈತ್ಯ ಇಲಿಯೂ ಬಂದು ಕೊನೆಯಲ್ಲಿ ಸುಟ್ಟುಹೋದುವು. ಬೀದಿ ಗುಡಿಸುವವರು ಬಿಳಿಯ ಬಟ್ಟೆಯುಟ್ಟು, ಹೊಸ ಪೊರಕೆ ಹಿಡಿದು, ಕೊರಳಿಗೆ ಹಾರ ಹಾಕಿಸಿಕೊಂಡು ನಡೆದರು. ಇಲ್ಲಿ ಯಾವ ಪ್ರಕಟಣೆಯೂ ಇಲ್ಲ, 60 ದಿನಗಳ ಗಡುವೂ ಇಲ್ಲ. ಜನರಿಗೆ ಗೊತ್ತಿದ್ದ ಹಬ್ಬದ ಭಾಷೆಯಲ್ಲಿಯೇ ಊರಿನ ವಿಚಾರವನ್ನು ಅವರ ಮುಂದಿಟ್ಟುದು ನನಗೆ ದೊಡ್ಡದೆನ್ನಿಸುತ್ತದೆ. ಆದರೂ ಇದೆಲ್ಲ ನಡೆದುದು ಮಹಾರಾಜರ ಅಪ್ಪಣೆಯಿಂದಲೇ ಅಲ್ಲವೆ? ಮಹಾರಾಜರು ಒಪ್ಪದಿದ್ದರೆ ಇಂದೂರಿನ ಜನ ಏನು ಮಾಡಬಹುದಿತ್ತು ಎಂಬ ಪ್ರಶ್ನೆಗೆ ಗೆಡ್ಡಿಸರಲ್ಲಿ ಉತ್ತರವಿಲ್ಲ.

ಆ ಉತ್ತರಕ್ಕಾಗಿ ನಮ್ಮ ಬೆಂಗಳೂರಿಗೇ ಬರಬೇಕು. ರಾಜಮಹಲ್ ವಿಲಾಸ ಬಡಾವಣೆಯನ್ನು ನಗರ ಸುಧಾರಣಾ ಮಂಡಳಿ ರಚಿಸಿದಾಗ ಒಂದು ಬಯಲನ್ನು ಸಾರ್ವಜನಿಕ ಉದ್ಯಾನಕ್ಕೆಂದು ಬಿಟ್ಟಿದ್ದಿತು. 1976ರಲ್ಲಿ, ಮುಖ್ಯಮಂತ್ರಿಗಳ ನಿರ್ದೇಶನದ ಮೇಲೆ, ಆ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡುವಂತೆ ಸರಕಾರದ ಆದೇಶವಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದಲ್ಲಿ ಮೊದಲು ಒಬ್ಬ ನ್ಯಾಯಮೂರ್ತಿಗಳ ಮುಂದೆ ಸೋತರು. ವಿಭಾಗೀಯ ಪೀಠದ ಮುಂದೆ ಗೆದ್ದರು. ಟ್ರಸ್ಟು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು; 1991ರ ಜುಲೈಯಲ್ಲಿ ಅದರ ಅಪೀಲು ವಜಾ ಆಯಿತು. ಆದೇಶಕ್ಕೂ ಕೊನೆಯ ತೀರ್ಪಿಗೂ ನಡುವೆ 15 ವರ್ಷಗಳು. ಉದ್ಯಾನದಲ್ಲಿ ಆಡಬೇಕಾಗಿದ್ದ ಮಕ್ಕಳು ಅಷ್ಟರೊಳಗೆ ಮೀಸೆ ಬಂದ ಯುವಕರಾಗಿರಬೇಕು.

ಈ ತೀರ್ಪಿನಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು ಕೆಲವು ಇವೆ. ನಿವಾಸಿಗಳಿಗೆ ದಾವೆ ಹೂಡುವ ಹಕ್ಕೆಲ್ಲಿದೆ, ಅವರ ಸ್ವಂತ ಸ್ವತ್ತೇನೂ ಹೋಗಲಿಲ್ಲವಲ್ಲ ಎಂಬುದು ಎದುರು ಪಕ್ಷದ ಒಂದು ವಾದ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ; ಬಯಲು ಹೋದರೆ ನಷ್ಟ ಆ ಪ್ರದೇಶದಲ್ಲಿ ಬಾಳುವವರಿಗೇ ಆದುದರಿಂದ ಕೇಳುವ ಹಕ್ಕು ಅವರಿಗುಂಟು ಎಂದಿತು. ಎರಡನೆಯ ವಾದ ಇನ್ನೂ ಸೂಕ್ಷ್ಮವಾದುದು: ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೆ, ಉದ್ಯಾನಕ್ಕಿಂತ ಆಸ್ಪತ್ರೆ ಮೇಲಲ್ಲವೆ? ಮೊದಲು ಓದಿದಾಗ ನನಗೂ ಇದು ಸರಿಯೆಂದೇ ತೋರಿತು. ಆದರೆ ಎಲ್ಲರೂ ಬರಿಗೈಯಲ್ಲಿ ಬಂದು ಕೂರಬಹುದಾದ ಬಯಲಿಗೂ, ಹಣ ಕೊಟ್ಟು ಒಳಹೋಗಬೇಕಾದ ಖಾಸಗಿ ಕಟ್ಟಡಕ್ಕೂ ಇರುವ ವ್ಯತ್ಯಾಸವನ್ನು ನ್ಯಾಯಾಲಯ ಎತ್ತಿ ತೋರಿಸಿತು. ಕಾನೂನು ಒಂದು ಪ್ರಾಧಿಕಾರಕ್ಕೆ ಕೊಟ್ಟ ವಿವೇಚನೆಯನ್ನು, ಎಷ್ಟೇ ದೊಡ್ಡ ಪದವಿಯವರಾದರೂ ಇನ್ನೊಬ್ಬರು ಬಾಯಿಮಾತಿನಿಂದ ನಡೆಸಲಾಗದೆಂಬುದೂ ಇದರಿಂದ ಸ್ಪಷ್ಟವಾಯಿತು.

1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿ ಪುರಸಭೆಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. 3 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿಗಳಿರತಕ್ಕದ್ದೆಂದು ಅದು ವಿಧಿಸಿತು. ಇಲ್ಲೊಂದು ವಿಚಿತ್ರವಿದೆ. ಹಳ್ಳಿಯಲ್ಲಿದ್ದವನಿಗೆ ಗ್ರಾಮಸಭೆಯುಂಟು, ಮತದಾರರೆಲ್ಲರೂ ಕೂಡಿ ಕುಳಿತು ಕೇಳಬಹುದು. ದೊಡ್ಡ ನಗರದವನಿಗೆ ವಾರ್ಡು ಸಮಿತಿಯುಂಟು. ನಮ್ಮಂತಹ ನಡುತರದ ಪಟ್ಟಣದವನಿಗೆ ಸಂವಿಧಾನ ಎರಡರಲ್ಲಿ ಒಂದನ್ನೂ ಕಡ್ಡಾಯ ಮಾಡಿಲ್ಲ. ಹಳ್ಳಿ ಬೆಳೆದು ಪಟ್ಟಣವಾದರೆ ಬೀದಿದೀಪ ಬರುತ್ತದೆ, ಜೊತೆಗೆ ಬಾಯಿ ಅರ್ಧ ಕಟ್ಟಿಹೋಗುತ್ತದೆ ಎನ್ನುವಂತಾಗಿದೆ.

ಬಾಯಿ ಕಟ್ಟಿಹೋದ ಜನ ಬೀದಿಗಿಳಿಯುವುದೂ ಉಂಟು. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರಿನ ಉಕ್ಕಿನ ಸೇತುವೆ ಕಟ್ಟುವ ಯೋಜನೆ ಬಂದಿತು. ಅದಕ್ಕಾಗಿ 812 ಮರಗಳು ಹೋಗುವುವೆಂದು ತಿಳಿಯಿತು. ಅಕ್ಟೋಬರ್ 16ರಂದು ಸಾವಿರಾರು ಜನ ಆ ದಾರಿಯಲ್ಲಿ ಕೈಕೈ ಹಿಡಿದು ಸಾಲಾಗಿ ನಿಂತರು. 2017ರ ಮಾರ್ಚಿಯಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಇದನ್ನು ನಾನು ಬಹಳ ಉತ್ಸಾಹದಿಂದ ನಮ್ಮ ಜಗಲಿಯ ಸಭೆಯಲ್ಲಿ ಹೇಳಿದೆ. ನಾವೂ ಹೀಗೆಯೇ ಒಂದಾಗಿ ನಿಂತರೆ ಪೇಟೆ ಬೀದಿ ಉಳಿಯುತ್ತದೆಂದೆ. ಎಲ್ಲರೂ ತಲೆದೂಗಿದರು. ಆಕ್ಷೇಪಣೆಯ ಅರ್ಜಿಯನ್ನು ಬರೆಯುವ ಕೆಲಸ ನನ್ನ ಪಾಲಿಗೇ ಬಂದಿತು. ನಮ್ಮ ಪುರಾತನ ಬೀದಿ, ನಮ್ಮ ಸಂಸ್ಕೃತಿ, ನಮ್ಮ ಸಮುದಾಯದ ಮೌಲ್ಯಗಳು ಎಂದು ಮೂರು ಪುಟ ಬರೆದೆ. ಈಗ ಓದಿದರೆ ಭಾಷಣದಂತಿದೆ.

ಆ ಮೂರು ಪುಟಗಳನ್ನು ಹೈಸ್ಕೂಲಿನಲ್ಲಿ ನನ್ನ ಜೊತೆಗೆ ಓದಿದ ಗೆಳೆಯನೊಬ್ಬನಿಗೆ ತೋರಿಸಿದೆ. ಅವನ ಮನೆ ಪೇಟೆ ಬೀದಿಯ ಹಿಂದಿನ ಕೆಳಗಿನ ಕೇರಿಯಲ್ಲಿದೆ. ಅವನು ಪೂರ್ತಿ ಓದಿ, ಮಡಿಸಿ, ನನ್ನ ಕೈಗೆ ಕೊಟ್ಟು, "ಚೆನ್ನಾಗಿ ಬರೆದಿದ್ದೀಯ ಕಣೋ. ಆದರೆ ಹೋದ ವರ್ಷ ನಮ್ಮಪ್ಪನಿಗೆ ಎದೆನೋವು ಬಂದಾಗ ಆಂಬುಲೆನ್ಸು ನಿಮ್ಮ ಬೀದಿಯ ತುದಿಯಲ್ಲೇ ನಿಂತುಬಿಟ್ಟಿತು. ಹಗ್ಗದ ಮಂಚದ ಮೇಲೆ ಹೊತ್ತುಕೊಂಡು ಬಂದೆವು. ದಾರಿ ಅಗಲವಾಗಲಿ ಅಂತ ನಮ್ಮ ಕೇರಿಯವರು ಕಾಯ್ತಿದ್ದಾರೆ. ನಿಮ್ಮ ಸಭೆಗೆ ನಮ್ಮನ್ನು ಯಾರೂ ಕರೀಲಿಲ್ಲವಲ್ಲ?" ಎಂದನು.

ನನಗೆ ಏನು ಹೇಳಲೂ ತೋಚಲಿಲ್ಲ. ಕರೆಯಬಾರದೆಂದು ಯಾರೂ ನಿಶ್ಚಯ ಮಾಡಿರಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ. ಇದು ಇನ್ನೂ ಕೆಟ್ಟದ್ದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ನಮ್ಮ ಗ್ರಾಮಗಳ ಸಮುದಾಯ ಜೀವನವನ್ನು ಕುರಿತು ಆಡಿದ ಕಟುವಾದ ಮಾತುಗಳನ್ನು ತರಗತಿಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅವು ನಮ್ಮ ಬೀದಿಯ ಜಗಲಿಗೂ ಅನ್ವಯಿಸುತ್ತವೆಂದು ಯೋಚಿಸಿರಲಿಲ್ಲ. ಊರಿನ ಮೌಲ್ಯ ಎಂಬ ಮಾತನ್ನಾಡುವಾಗ ಯಾವ ಊರು, ಊರಿನ ಯಾವ ಭಾಗ ಎಂದು ಕೇಳಬೇಕು. ಹಳೆಯ ಬೀದಿಗಳ ಅಂಕುಡೊಂಕಿನಲ್ಲಿ ಗೆಡ್ಡಿಸರು ಕಂಡ ಸೊಗಸು ನಿಜ; ಆ ಅಂಕುಡೊಂಕು ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹಾಕಿದ ಗೆರೆಯೂ ಹೌದು. ಬೆಂಗಳೂರಿನಲ್ಲಿ ಕೈಹಿಡಿದು ನಿಂತವರಿಗೆ ನಿಲ್ಲಲು ಬಿಡುವಿತ್ತು, ಅವರ ಮಾತು ಮುಟ್ಟುವ ಪತ್ರಿಕೆಗಳಿದ್ದುವು. ಸಂತೆಯ ದಿನ ಬುಟ್ಟಿ ಬಿಟ್ಟು ಬರಲಾರದವರ ಮಾತು ಯಾವ ಸಾಲಿನಲ್ಲಿ ನಿಲ್ಲಬೇಕು?

ಆ ರಾತ್ರಿ ಹಳೆಯ ಅರ್ಜಿಯನ್ನು ಬದಿಗಿಟ್ಟೆ. ಮರುದಿನದಿಂದ ಗೆಳೆಯನೂ ನಾನೂ ಅಳತೆಯ ಟೇಪು ಹಿಡಿದು ಪೇಟೆ ಬೀದಿಯನ್ನೂ ಕೆಳಗಿನ ಕೇರಿಯನ್ನೂ ನಡೆದು ಅಳೆದೆವು. ಮೂರು ದಿನ ಹಿಡಿಯಿತು. ಬೀದಿ ಎಲ್ಲೆಲ್ಲಿಯೂ ಇಕ್ಕಟ್ಟಾಗಿಲ್ಲ, ಎರಡು ಕಡೆ ಮಾತ್ರ ಕತ್ತು ಹಿಸುಕಿದಂತಿದೆ ಎಂಬುದು ತಿಳಿಯಿತು. ಒಂದು ಕಡೆ ಅಡ್ಡ ಬಂದಿದ್ದುದು ಪಾಳುಬಿದ್ದ ಉಗ್ರಾಣದ ಗೋಡೆ. ಇನ್ನೊಂದು ಕಡೆ, ಹೇಳಲು ಸಂಕೋಚವಾಗುತ್ತದೆ, ನಮ್ಮ ಮನೆಯದೂ ಪಕ್ಕದ ಎರಡು ಮನೆಗಳದೂ ಮುಂದಕ್ಕೆ ಚಾಚಿಕೊಂಡ ಜಗಲಿಗಳು. ಚರಂಡಿಯನ್ನು ಮುಚ್ಚಿ ಅದರ ಮೇಲೆ ಕಟ್ಟಿದ್ದ ಜಗಲಿಗಳವು. ತಂದೆಯವರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಿಮ್ಮ ತಾತ ಕಟ್ಟಿಸಿದ್ದು" ಎಂದಷ್ಟೇ ಅಂದರು. ಎರಡು ದಿನ ಕಳೆದ ಮೇಲೆ ಅವರೇ ಬಂದು, "ಅದನ್ನೂ ಬರಿ" ಎಂದರು.

ಸಂತೆ ಮೈದಾನದ ವಿಷಯಕ್ಕೆ 2014ರ ಬೀದಿ ವ್ಯಾಪಾರಿಗಳ ಅಧಿನಿಯಮ ಒದಗಿತು. ಊರಿನ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರರಲ್ಲೊಂದು ಭಾಗ ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ಇದನ್ನು ಅಜ್ಜಿಗೆ ಓದಿ ಹೇಳಿದೆ. "ನನ್ನನ್ನ ಕುರ್ಚಿ ಮೇಲೆ ಕೂರಿಸ್ತಾರಾ?" ಎಂದು ನಕ್ಕರು. ಆಮೇಲೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡರು.

ಹೊಸ ಅರ್ಜಿ ಒಂದೂವರೆ ಪುಟ, ಜೊತೆಗೆ ನಾವೇ ಬರೆದ ಒಂದು ನಕಾಶೆ. 60 ಅಡಿಯ ಬದಲು ಕತ್ತು ಹಿಸುಕಿದ ಎರಡು ಕಡೆ ಬಿಡಿಸುವುದು, ಕೆಳಗಿನ ಕೇರಿಗೆ ಆಂಬುಲೆನ್ಸು ಹೋಗುವಷ್ಟು ದಾರಿ, ಸಂತೆ ಮೈದಾನ ಸಂತೆಗೇ ಇರುವುದು. ಇಷ್ಟೇ ವಿಷಯ. ನಾಲ್ಕು ಮನೆಗಳವರು ಸಹಿ ಹಾಕಲೊಪ್ಪಲಿಲ್ಲ. ಅವರ ಜಗಲಿಯ ವಿಚಾರ ಅವರಿಗೆ ಗೊತ್ತು. ಪೇಟೆ ಬೀದಿಯದೂ ಕೆಳಗಿನ ಕೇರಿಯದೂ ಸೇರಿ 112 ಸಹಿ ಮತ್ತು ಹೆಬ್ಬೆಟ್ಟುಗಳಾದುವು. 57ನೆಯ ದಿನ ಕಚೇರಿಗೆ ಕೊಟ್ಟೆವು. ಗುಮಾಸ್ತರು ಎಣಿಸಿ ನೋಡಿ, ಪ್ರತಿಯ ಮೇಲೆ ಮುದ್ರೆಯೊತ್ತಿ ಹಿಂದಿರುಗಿಸಿದರು. ನಕಾಶೆಯಲ್ಲಿ ಅರಳಿಕಟ್ಟೆಯನ್ನು ಗೆಳೆಯ ಹಸಿರು ಪೆನ್ಸಿಲಿನಿಂದ ಗುರುತಿಸಿದ್ದನು. ಇದೇನೆಂದು ಗುಮಾಸ್ತರು ಕೇಳಿದರು. ಹೇಳಿದೆವು. "ಓ, ಆ ಕಟ್ಟೆಯೋ. ನಾನೂ ಅಲ್ಲೇ ಬಸ್ಸಿಗೆ ಕಾಯುವುದು" ಎಂದರು.

ಈ ಲೇಖನವನ್ನು ಸಂಚಿಕೆಗೆ ಕೊಡುವ ಹೊತ್ತಿಗೆ ಉತ್ತರ ಬಂದಿಲ್ಲ. ನಮ್ಮ ಮನೆಯ ಜಗಲಿಯನ್ನು ಮಾತ್ರ ತಂದೆಯವರು ದೀಪಾವಳಿಗೆ ಮೊದಲೇ ಮೂರಡಿ ಒಡೆಸಿ, ಚರಂಡಿಗೆ ಚಪ್ಪಡಿ ಹಾಕಿಸಿದ್ದಾರೆ.